ತಿಂಡಿ ಇದೆಯೇ ಎಂದಷ್ಟೇ ಕೇಳಿದ್ದೆ

ನಮ್ಮ ಕಲಬುರಗಿ ಕಡೆ ತಿಂಡಿ ಎಂದರೆ ಇಡ್ಲಿ, ಉಪ್ಪಿಟ್ಟು ಅಲ್ಲ, ತುರಿಕೆ. ಬೆಳಗಿನ ಉಪಾಹಾರಕ್ಕೆ ನಾವು ನಾಷ್ಟಾ ಎನ್ನುತ್ತೇವೆ. ಮೈಸೂರಿನಿಂದ ವರ್ಗವಾಗಿ ಬಂದ ಗಣಿತದ ಮೇಡಂ ಮೊದಲ ದಿನವೇ ಸ್ಟಾಫ್ ರೂಮಿನಲ್ಲಿ "ಎಲ್ಲರದೂ ತಿಂಡಿ ಆಯಿತಾ?" ಎಂದು ಕೇಳಿದಾಗ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕಿದ್ದೆವು. ಎರಡು ವರ್ಷದ ಹಿಂದೆ, ಸೆಪ್ಟೆಂಬರ್ ತಿಂಗಳ ಒಂದು ಸೋಮವಾರ ಅವರು ಮತ್ತೆ ಅದನ್ನೇ ಕೇಳಿದಾಗ ನನಗೆ ಮಾತ್ರ ನಗು ಬರಲಿಲ್ಲ. ಕುರ್ಚಿಯ ಬೆನ್ನಿಗೆ ಸೊಂಟ ಉಜ್ಜುತ್ತ ಕುಳಿತಿದ್ದೆ. "ಜೋರಾಗಿಯೇ ಇದೆ ಮೇಡಂ" ಎಂದೆ.

ಹಿಂದಿನ ದಿನ ಚಿಂಚೋಳಿ ತಾಲ್ಲೂಕಿನ ನಮ್ಮ ಹೊಲಕ್ಕೆ ಹೋಗಿದ್ದೆ. ತೊಗರಿ ಸಾಲುಗಳ ನಡುವೆ ಹಾಕಿದ ಹೆಸರು ಒಣಗಿ ನಿಂತಿತ್ತು. ಮಳೆ ಮತ್ತೆ ಹಿಡಿದುಕೊಂಡರೆ ಕಾಯಿ ಕಪ್ಪಾಗುತ್ತದೆ ಎಂದು ಅಣ್ಣ ಮನೆಮಂದಿಯನ್ನೆಲ್ಲ ಹೊಲಕ್ಕಿಳಿಸಿದ್ದ. ನಗರದಲ್ಲಿ ಮೇಷ್ಟ್ರ ಕೆಲಸ ಮಾಡುವ ನಾನು ವರ್ಷಕ್ಕೊಮ್ಮೆ ಹೊಲ ಕಾಣುವವಳು. ಎರಡು ತಾಸು ಕಾಯಿ ಬಿಡಿಸಿ ಸುಸ್ತಾಗಿ, ಬದುವಿನ ಹುಲ್ಲಿನ ಮೇಲೆ ಸೀದಾ ಕುಳಿತು ಬುತ್ತಿ ಬಿಚ್ಚಿದೆ. ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಉಂಡಮೇಲೆ ಅಲ್ಲೇ ಒರಗಿ ಅರ್ಧ ಗಂಟೆ ಕಣ್ಣು ಮುಚ್ಚಿದೆ. ಕಚ್ಚಿದ್ದು ಏನೂ ಗೊತ್ತಾಗಲಿಲ್ಲ. ಸಂಜೆಯ ಬಸ್ಸಿನಲ್ಲಿ ಪಾದದ ಗಂಟಿನ ಹತ್ತಿರ ಸ್ವಲ್ಪ ಕಡಿತ, ರಾತ್ರಿ ಮಲಗುವ ಹೊತ್ತಿಗೆ ಸೊಂಟದ ಸುತ್ತ ಉರಿ, ಬೆಳಗಿನ ಜಾವ ಎದ್ದು ಕುಳಿತು ಎರಡೂ ಕೈಯಿಂದ ಕೆರೆದುಕೊಳ್ಳುವ ಪರಿಸ್ಥಿತಿ.

ಎಣಿಸಿದೆ. ಮೂವತ್ತೊಂದು. ಹೆಸರುಕಾಳಿನಷ್ಟು ದೊಡ್ಡ ಕೆಂಪು ಬೊಕ್ಕೆಗಳು, ಕೆಲವದರ ನಡುವೆ ಸೂಜಿಮೊನೆಯಷ್ಟು ಚುಕ್ಕೆ. ಸಲ್ವಾರಿನ ಲಾಡಿ ಕಟ್ಟುವ ಜಾಗದಲ್ಲಿ ಒಡ್ಯಾಣ ತೊಡಿಸಿದಂತೆ ಒಂದು ಸಾಲು, ಕಾಲುಚೀಲದ ಎಲಾಸ್ಟಿಕ್ ಒತ್ತುವಲ್ಲಿ ಇನ್ನೊಂದು, ಮೊಣಕಾಲಿನ ಹಿಂದೆ ಒಂದು ಗುಂಪು. ಬಿಸಿಲಿಗೆ ಬಿದ್ದ ಕೈ, ಕುತ್ತಿಗೆ, ಮುಖದ ಮೇಲೆ ಒಂದೂ ಇಲ್ಲ.

ಮನೆಯಲ್ಲಿ ಪಂಚಾಯಿತಿ ಸೇರಿತು. ತಿಗಣೆ ಎಂದು ನಮ್ಮ ಮನೆಯವರು ತೀರ್ಪು ಕೊಟ್ಟು ಗಾದಿಯನ್ನು ಮಾಳಿಗೆಗೆ ಹೊತ್ತೊಯ್ದು ಬಿಸಿಲಿಗೆ ಹಾಕಿದರು. ಪಿತ್ತದ ಗಂಧೆ ಎಂದು ನಮ್ಮ ಅತ್ತೆಯವರು ಕರಿ ಕಂಬಳಿ ತಂದು ಮೈ ಉಜ್ಜಿದರು. ಅವರ ಪ್ರೀತಿಗೆ ಶರಣು, ಆದರೆ ಆ ಉಜ್ಜುವಿಕೆಯಿಂದ ನಾಲ್ಕು ಬೊಕ್ಕೆಗಳು ಒಡೆದು ನೀರು ಬಂತು. ಓಣಿಯ ಮೆಡಿಕಲ್ ಅಂಗಡಿಯ ಹುಡುಗ ಕೇಳುವ ಮೊದಲೇ ಒಂದು ಕ್ರೀಮ್ ಕೊಟ್ಟ. ಅದರ ಮೇಲೆ ಮೂರು ಔಷಧಿಗಳ ಹೆಸರಿದ್ದವು, ಯಾವ ರೋಗಕ್ಕೆಂದು ಅವನಿಗೂ ಗೊತ್ತಿದ್ದಂತಿರಲಿಲ್ಲ.

ಬಗೆಹರಿಸಿದ್ದು ವೈನಿ, ಅಂದರೆ ಅಣ್ಣನ ಹೆಂಡತಿ, ಅದೂ ಫೋನಿನಲ್ಲಿ, ಎಮ್ಮೆ ಹಿಂಡುತ್ತ. "ಬದುವಿನ ಮೇಲೆ ಬರಿ ನೆಲಕ್ಕೆ ಕುಳಿತಿದ್ದಿರಲ್ಲ, ಹುಲ್ಲಿನ ಹುಳ ಹತ್ತಿರಬೇಕು. ಕಣ್ಣಿಗೆ ಕಾಣಿಸುವುದಿಲ್ಲ. ಬಟ್ಟೆ ಬಿಗಿಯಾದಲ್ಲಿಯೇ ಕಚ್ಚುತ್ತದೆ." ಹತ್ತು ವರ್ಷದಿಂದ ವಿಜ್ಞಾನ ಕಲಿಸುತ್ತಿರುವ ನನಗೆ ಆ ಕೊನೆಯ ವಾಕ್ಯ ಕೇಳಿ ಸಣ್ಣ ನಾಚಿಕೆಯಾಯಿತು. ಪುರಾವೆ ಪೂರ್ತಿ ನನ್ನ ಸೊಂಟದ ಮೇಲೆಯೇ ಬರೆದಿತ್ತು, ಓದಿದ್ದು ಅವರು.

ತಿಗಣೆ ರಾತ್ರಿ ಬಂದು ಬಟ್ಟೆಯ ಹೊರಗಿರುವ ಮೈಯನ್ನು, ತೋಳು ಕುತ್ತಿಗೆಗಳನ್ನು ಕಚ್ಚುತ್ತದೆ. ಕಜ್ಜಿ ಬೆರಳ ಸಂದಿಯಲ್ಲಿ ಕೂರುತ್ತದೆ, ರಾತ್ರಿ ಹೆಚ್ಚಾಗುತ್ತದೆ, ಸ್ವಲ್ಪ ದಿನದಲ್ಲಿ ಮನೆಯವರಿಗೆಲ್ಲ ಹಬ್ಬುತ್ತದೆ. ಗಂಧೆ ಒಂದು ಕಡೆ ಎದ್ದು ತಾಸುಗಳಲ್ಲಿ ಮಾಯವಾಗಿ ಇನ್ನೊಂದು ಕಡೆ ಏಳುತ್ತದೆ. ನನ್ನವು ಎಲ್ಲಿ ಎದ್ದವೋ ಅಲ್ಲೇ ಬೇರೂರಿ ಕುಳಿತಿದ್ದವು, ಎರಡನೆಯ ದಿನ ಮೊದಲ ದಿನಕ್ಕಿಂತ ಹೆಚ್ಚು ತುರಿಸುತ್ತಿದ್ದವು, ಮನೆಯಲ್ಲಿ ನನಗೆ ಬಿಟ್ಟು ಯಾರಿಗೂ ಇರಲಿಲ್ಲ. ಅಣ್ಣನ ಮಕ್ಕಳು ಅದೇ ಹೊಲದಲ್ಲಿ ದಿನವಿಡೀ ಓಡಾಡಿದ್ದರೂ ಅವರಿಗೆ ಒಂದೂ ಇಲ್ಲ ಎಂಬುದು ಮೊದಲು ಗೊಂದಲ ಹುಟ್ಟಿಸಿತು. ಆಮೇಲೆ ತಿಳಿಯಿತು, ಈ ಹುಳ ಹೊಲದ ತುಂಬ ಸಮನಾಗಿ ಹರಡಿರುವುದಿಲ್ಲ. ಇಲಿ ಹೆಗ್ಗಣ ಓಡಾಡುವ, ತೇವ ನಿಲ್ಲುವ ಕೆಲವೇ ಮಾರುಗಳ ಜಾಗದಲ್ಲಿ ದಟ್ಟವಾಗಿರುತ್ತದೆ, ಪಕ್ಕದಲ್ಲಿ ಸುಳಿವೇ ಇರುವುದಿಲ್ಲ. ನಾನು ಊಟಕ್ಕೆ ಆರಿಸಿಕೊಂಡದ್ದು ಸರಿಯಾಗಿ ಅಂಥ ಜಾಗ.

ಇಂಗ್ಲಿಷಿನಲ್ಲಿ ಇದಕ್ಕೆ ಚಿಗ್ಗರ್ ಎನ್ನುತ್ತಾರೆ. ನಮ್ಮ ಚಿಗಟದ ಹಾಗೆ ಕೇಳಿಸುತ್ತದೆ, ಆದರೆ ಸಂಬಂಧವಿಲ್ಲ. ಚಿಗಟ ಜಿಗಿಯುವ ಕೀಟ, ರಕ್ತ ಹೀರುತ್ತದೆ. ಚಿಗ್ಗರ್ ಒಂದು ಬಗೆಯ ನುಸಿಯ ಮರಿ. ದನದ ಮೈಗೆ ಹತ್ತುವ ಉಣ್ಣೆಯೂ ಅಲ್ಲ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಉಣ್ಣೆ. ಮಲೆನಾಡಿನವರಿಗೆ ಹುಲ್ಲು, ತರಗೆಲೆ ಎಂದರೆ ಅದರ ಭಯ ಗೊತ್ತು. ನಮ್ಮ ಬಯಲು ಸೀಮೆಯಲ್ಲಿ ಆ ಎಚ್ಚರ ಇಲ್ಲ. ಬಿಸಿಲೇ ಎಲ್ಲವನ್ನೂ ಸುಟ್ಟುಹಾಕುತ್ತದೆ ಎಂಬ ನಂಬಿಕೆ ನಮ್ಮದು. ಮೇ ತಿಂಗಳಿಗೆ ಅದು ಸರಿ. ಮಳೆಯಾಗಿ ಬದು ಸೊಂಟದೆತ್ತರ ಹಸಿರಾಗಿರುವ ಆಗಸ್ಟಿನಿಂದ ನವೆಂಬರ್ ತನಕದ ಮಾತು ಬೇರೆ.

ಈ ನುಸಿಯ ದೂರದ ನೆಂಟನನ್ನು ನೀವೆಲ್ಲ ನೋಡಿದ್ದೀರಿ. ಮೃಗಶಿರಾ ಮಳೆ ಬಿದ್ದ ಮರುದಿನ ಎರೆ ಹೊಲದ ಮೇಲೆ ಕೆಂಪು ಮಕಮಲ್ಲಿನ ಗುಂಡಿಯಂತೆ ಹರಿದಾಡುತ್ತದಲ್ಲ, ನಾವು ಚಿಕ್ಕವರಿದ್ದಾಗ ಬೆಂಕಿಪೊಟ್ಟಣದಲ್ಲಿ ತುಂಬಿಕೊಳ್ಳುತ್ತಿದ್ದ ಮಿರಗದ ಹುಳ. ಹಳಗನ್ನಡದ ಕವಿಗಳಿಗೆ ಅದು ಇಂದ್ರಗೋಪ. ಎರಡೂ ಒಂದೇ ಬಳಗದವು, ಜೇಡದ ಕುಲದವು. ಮಿರಗದ ಹುಳದ ಮರಿ ಮಿಡತೆಯಂಥ ಕೀಟಗಳ ಮೈಗೆ ಅಂಟಿಕೊಳ್ಳುತ್ತದೆ, ನಮ್ಮ ತಂಟೆಗೆ ಬರುವುದಿಲ್ಲ. ಚಿಗ್ಗರ್ ನುಸಿಯೂ ದೊಡ್ಡದಾದಮೇಲೆ ಸಾಧು ಪ್ರಾಣಿಯೇ. ಮಣ್ಣಿನಲ್ಲಿ ಕೀಟಗಳ ಮೊಟ್ಟೆ ತಿಂದುಕೊಂಡಿರುತ್ತದೆ. ಮರಿಯಾಗಿರುವಾಗ ಒಂದೇ ಒಂದು ಸಲ ಅದಕ್ಕೆ ಇಲಿಯದೋ ಹಕ್ಕಿಯದೋ ಮೈ ಬೇಕು. ಹುಲ್ಲಿನ ತುದಿ ಹತ್ತಿ ಕಾಯುತ್ತದೆ, ಉಸಿರಿನ ಇಂಗಾಲದ ಡೈಆಕ್ಸೈಡ್ ಸುಳಿದರೆ ಚುರುಕಾಗುತ್ತದೆ. ಇಲಿ ಬರಲಿ ಎಂದು ಕಾದದ್ದಕ್ಕೆ ನಾನು ಸಿಕ್ಕಿದೆ.

ಮುಂದಿನ ಭಾನುವಾರ ಹಟಕ್ಕೆ ಬಿದ್ದು ಮತ್ತೆ ಹೋದೆ. ಈ ಸಲ ಕೈಯಲ್ಲಿ ಅಣ್ಣನ ಕಿರಿಮಗನ ಪಾಟಿ. ಕಪ್ಪು ಹಲಗೆಯೊಂದನ್ನು ಹುಲ್ಲಿನ ನಡುವೆ ಅಂಚು ನೆಲಕ್ಕೂರಿ ನಿಲ್ಲಿಸಿದರೆ ಮರಿಗಳು ಮೇಲಂಚಿಗೆ ಹತ್ತಿ ಸೇರುತ್ತವೆ ಎಂದು ಓದಿದ್ದೆ. ಅದೇ ಜಾಗದಲ್ಲಿ ಪಾಟಿ ನಿಲ್ಲಿಸಿ ಹತ್ತು ನಿಮಿಷ ಕಾದೆವು. ಹುಡುಗನ ಕಣ್ಣಿಗೆ ಮೊದಲು ಬಿತ್ತು. ಅರಿಶಿನದ ಪುಡಿ ಉದುರಿದಂತೆ ಆರೇಳು ಚುಕ್ಕೆ, ಸಾಲಾಗಿ, ನಿಧಾನಕ್ಕೆ ಸರಿಯುತ್ತಿದ್ದವು. ಒಂದರ ಉದ್ದ ಮಿಲಿಮೀಟರಿನ ಕಾಲುಭಾಗವೂ ಇರಲಾರದು. ಪಾರದರ್ಶಕ ಟೇಪಿಗೆ ಎರಡನ್ನು ಅಂಟಿಸಿಕೊಂಡು ಬಂದು ಶಾಲೆಯ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಉರುಟು ಹೊಟ್ಟೆ, ಮೈಮೇಲೆ ಗರಿಯಂಥ ಕೂದಲು, ಆರು ಕಾಲು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಕ್ಷಣ ಹಿಡಿದಳು. "ಟೀಚರ್, ಜೇಡದ ಕುಲಕ್ಕೆ ಎಂಟು ಕಾಲು ಎಂದು ನೀವೇ ಬರೆಸಿದ್ದೀರಿ." ಮರಿಗೆ ಆರು, ಪೊರೆ ಬಿಟ್ಟು ಮುಂದಿನ ಹಂತಕ್ಕೆ ಹೋದಮೇಲೆ ಎಂಟು. ಆ ವರ್ಷ ಅವರಿಗೆ ಆ ಪಾಠವನ್ನು ನಾನು ಮತ್ತೆ ಹೇಳಬೇಕಾಗಲಿಲ್ಲ.

ಅದು ರಕ್ತ ಹೀರುವುದಿಲ್ಲ, ಚರ್ಮದ ಒಳಗೆ ಹೊಕ್ಕು ಕೂರುವುದೂ ಇಲ್ಲ. ಇದು ನನಗೂ ಹೊಸದು. ಮೇಲೆ ಕುಳಿತು ಜೊಲ್ಲು ಬಿಡುತ್ತದೆ, ಆ ಜೊಲ್ಲಿನ ಕಿಣ್ವ ನಮ್ಮ ಚರ್ಮದ ಕೋಶಗಳನ್ನು ಕರಗಿಸಿ ಅಂಬಲಿ ಮಾಡುತ್ತದೆ, ಸುತ್ತಲಿನ ಚರ್ಮ ಗಟ್ಟಿಯಾಗಿ ಸಣ್ಣ ಕೊಳವೆಯಾಗುತ್ತದೆ, ಅದರಿಂದ ಆ ಅಂಬಲಿ ಕುಡಿಯುತ್ತದೆ. ನಾವು ಕೆರೆದ ಕೂಡಲೇ ಹುಳ ಉದುರಿಹೋಗುತ್ತದೆ. ಕೊಳವೆ ಮತ್ತು ಜೊಲ್ಲು ಉಳಿಯುತ್ತವೆ. ದೇಹ ಅದನ್ನು ಕರಗಿಸಿಕೊಳ್ಳುವ ತನಕ ತುರಿಕೆ. ಆದ್ದರಿಂದ ಹುಳ ಒಳಗಿದೆ ಎಂದು ಸೂಜಿ ಹಾಕಿ ಕೆದಕುವುದು, ಸುಣ್ಣ ಮೆತ್ತುವುದು, ಸೀಮೆಎಣ್ಣೆ ಹಚ್ಚುವುದು ಇವೆಲ್ಲ ಮನೆ ಬಿಟ್ಟುಹೋದ ಬಾಡಿಗೆದಾರನ ಬಾಗಿಲು ಬಡಿದ ಹಾಗೆ. ಗಾಯವಾಗಿ ಕೀವು ಕಟ್ಟುವುದಷ್ಟೇ ಲಾಭ.

ಚಿಕಿತ್ಸೆ ಬಹಳ ಸಾದಾ. ಹೊಲದಿಂದ ಬಂದ ಕೂಡಲೇ ಸೋಪು ಹಚ್ಚಿ ಚೆನ್ನಾಗಿ ಉಜ್ಜಿ ಸ್ನಾನ, ಉಟ್ಟ ಬಟ್ಟೆಯನ್ನು ಬಿಸಿ ನೀರಿನಲ್ಲಿ ಒಗೆಯುವುದು. ನಾನು ಮಾಡದೆ ಬಿಟ್ಟದ್ದು ಇದನ್ನೇ. ಬಸ್ಸಿಳಿದವಳು ಅದೇ ಸಲ್ವಾರಿನಲ್ಲಿ ಅಡುಗೆ ಮಾಡಿ ಮಲಗಿದ್ದೆ. ಆಮೇಲೆ ತಣ್ಣೀರಿನ ಬಟ್ಟೆ, ಕ್ಯಾಲಮೈನ್ ಲೋಷನ್. ತೀರಾ ತಡೆಯಲಾಗದಿದ್ದರೆ ಒಂದು ಶೇಕಡಾದ ಹೈಡ್ರೋಕಾರ್ಟಿಸೋನ್ ಮುಲಾಮು ಕೆಲವು ದಿನ ತೆಳುವಾಗಿ, ರಾತ್ರಿ ನಿದ್ದೆಗೆಡದಂತೆ ತುರಿಕೆ ತಗ್ಗಿಸುವ ಒಂದು ಸೆಟಿರಿಜಿನ್ ಮಾತ್ರೆ. ಉಗುರು ಕತ್ತರಿಸಿಕೊಳ್ಳುವುದನ್ನು ನಾನು ಔಷಧಿಯ ಲೆಕ್ಕಕ್ಕೇ ಸೇರಿಸುತ್ತೇನೆ. ಮೂರು ಔಷಧಿ ಬೆರೆಸಿದ ಆ ಅಂಗಡಿಯ ಕ್ರೀಮನ್ನು ಚರ್ಮದ ವೈದ್ಯರಿಗೆ ತೋರಿಸಿದಾಗ ಅವರು ಕಸದ ಬುಟ್ಟಿ ತೋರಿಸಿದರು. ಅದರಲ್ಲಿದ್ದ ಜೋರು ಸ್ಟಿರಾಯ್ಡ್ ದಿನಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತೆ ತೆಳುವಾಗುತ್ತದೆಯಂತೆ. ನನ್ನ ತುರಿಕೆ ಹನ್ನೊಂದನೆಯ ದಿನಕ್ಕೆ ನಿಂತಿತು. ಕಂದು ಕಲೆಗಳು ದೀಪಾವಳಿಯವರೆಗೂ ಇದ್ದವು.

ಇಷ್ಟಾದಮೇಲೆ ನಾನು ಊರಿಗೆಲ್ಲ ಚಿಗ್ಗರ್ ತಜ್ಞೆಯಾದೆ. ಯಾರಾದರೂ ಮೈ ಕೆರೆದುಕೊಂಡರೆ ಸಾಕು, ಎಲ್ಲಿ, ಯಾವಾಗಿನಿಂದ, ಸಾಲಾಗಿದೆಯೇ ಎಂದು ವಿಚಾರಣೆ ಶುರು. ನನ್ನ ಮಗಳು ಇದನ್ನು ನೋಡಿ ನೋಡಿ ಬೇಸತ್ತಿದ್ದಳು.

ಮರುವರ್ಷ ಅಕ್ಟೋಬರಿನಲ್ಲಿ ದೊಡ್ಡವ್ವನಿಗೆ ಜ್ವರ ಬಂತು.

ದೊಡ್ಡವ್ವನೆಂದರೆ ಅಪ್ಪನ ಅಣ್ಣನ ಹೆಂಡತಿ, ಅಣ್ಣನ ಮನೆಯ ಪಕ್ಕದ ಮನೆ. ಅರವತ್ತೆರಡು ದಾಟಿದ್ದರೂ ದಿನಾ ಒಂದು ಹೊರೆ ಹುಲ್ಲು ಕೊಯ್ದು ತರುವ ಜೀವ. ನಾಲ್ಕು ದಿನದಿಂದ ಜ್ವರ, ತಲೆ ಸಿಡಿಯುತ್ತದೆ, ಮೈಯೆಲ್ಲ ಬಡಿದುಹಾಕಿದಂತೆ ನೋವು ಎಂದು ವೈನಿ ಹೇಳಿದಾಗ ನನಗೆ ಸ್ಕ್ರಬ್ ಟೈಫಸ್ ನೆನಪಾಗದೆ ಇರಲಿಲ್ಲ. ಚಿಗ್ಗರ್ ಬಗ್ಗೆ ಓದಿದ ಮೇಲೆ ಅದನ್ನು ಓದದೆ ಇರಲಾಗುವುದಿಲ್ಲ. ಈ ನುಸಿಗಳಲ್ಲಿ ಕೆಲವು ಜಾತಿಯವು ಆ ಜ್ವರ ತರುವ ಒಂದು ಬ್ಯಾಕ್ಟೀರಿಯಾವನ್ನು ಹೊತ್ತಿರುತ್ತವೆ. ತಾಯಿ ನುಸಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಅದು ವಂಶದ ಆಸ್ತಿಯಂತೆ ಇಳಿದುಬರುತ್ತದೆ. ಅದರ ಹೆಸರು ಓರಿಯೆಂಶಿಯಾ ಸುಸುಗಾಮುಶಿ. ಜಪಾನಿ ಭಾಷೆಯಲ್ಲಿ ಮುಶಿ ಎಂದರೆ ಹುಳ. ಜಪಾನಿನಿಂದ ಪಾಕಿಸ್ತಾನದವರೆಗೆ, ಕೆಳಗೆ ಉತ್ತರ ಆಸ್ಟ್ರೇಲಿಯಾದವರೆಗೆ ಎಳೆದ ತ್ರಿಕೋನದೊಳಗೆ ಈ ರೋಗದ ಮನೆ, ಭಾರತ ಅದರ ಒಳಗಿದೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಕಾಡಿನಲ್ಲಿ ಕಾದಾಡಿದ ಸೈನಿಕರನ್ನು ಇದು ಸಾಲುಸಾಲಾಗಿ ಮಲಗಿಸಿತ್ತು. ಎಲ್ಲವೂ ನನಗೆ ಗೊತ್ತಿತ್ತು.

ಗೊತ್ತಿದ್ದವಳು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ದೊಡ್ಡವ್ವ, ಮೈಯಲ್ಲಿ ಎಲ್ಲಾದರೂ ತಿಂಡಿ ಇದೆಯೇ?"

"ಇಲ್ಲ ಬಿಡವ್ವ, ಎಲ್ಲಿಯೂ ಇಲ್ಲ."

ಹಾಗಾದರೆ ಅದಲ್ಲ ಎಂದು ನನಗೆ ಸಮಾಧಾನ. ಪಕ್ಕದ ಊರಿನ ಕ್ಲಿನಿಕ್ಕಿನಲ್ಲಿ ಟೈಫಾಯಿಡ್ ಎಂದು ಹೇಳಿ ದಿನಕ್ಕೆರಡು ಇಂಜೆಕ್ಷನ್ ಕೊಡುತ್ತಿದ್ದಾರೆ ಎಂದಾಗಲೂ ಸರಿಯೆಂದೆ. ಜ್ವರ ಇಳಿಯಲಿಲ್ಲ. ಏಳನೆಯ ದಿನ ಪ್ಲೇಟ್‌ಲೆಟ್ ಇಳಿದಿದೆ, ಡೆಂಗಿ ಇರಬಹುದು ಎಂದರು. ಎಂಟನೆಯ ದಿನ ಏದುಸಿರು ಬರತೊಡಗಿದಾಗ ಅಣ್ಣ ಜೀಪಿನಲ್ಲಿ ಹಾಕಿಕೊಂಡು ಕಲಬುರಗಿಗೆ ತಂದ.

ಇಲ್ಲಿಯ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಇದ್ದದ್ದು ಒಬ್ಬ ಎಳೆಯ ವೈದ್ಯೆ. ಕಾಗದಗಳನ್ನೆಲ್ಲ ಬದಿಗಿಟ್ಟು ಅವರು ಕೇಳಿದ್ದು, "ಆಯಿ, ಹೊಲಕ್ಕೆ ಹೋಗುತ್ತೀರಾ?" ಆಮೇಲೆ ಪರದೆ ಎಳೆದು, ನರ್ಸಮ್ಮನನ್ನು ಮತ್ತು ನನ್ನನ್ನು ಮಾತ್ರ ಒಳಗಿಟ್ಟುಕೊಂಡು, ಮೊಬೈಲ್ ಟಾರ್ಚ್ ಹಿಡಿದು ನೆತ್ತಿಯಿಂದ ಶುರುಮಾಡಿದರು. ಕಿವಿಯ ಹಿಂದೆ, ಕಂಕುಳು, ಎದೆಯ ಕೆಳಗಿನ ಮಡಿಕೆ. ದೊಡ್ಡವ್ವ ಸೀರೆಯ ಸೆರಗನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಲಂಗದ ಲಾಡಿ ಸಡಿಲಿಸಬೇಕು ಎಂದಾಗ ಮುಖ ಗೋಡೆಗೆ ತಿರುಗಿಸಿದಳು. ನಲವತ್ತೈದು ವರ್ಷ ಲಾಡಿ ಬಿಗಿದು ಬಿಗಿದು ಸೊಂಟದ ಸುತ್ತ ಕಪ್ಪು ಪಟ್ಟಿ ಬಿದ್ದಿತ್ತು, ನಮ್ಮ ಕಡೆಯ ಎಲ್ಲ ಹೆಂಗಸರಿಗೆ ಇರುವಂಥದ್ದೇ. ಆ ಪಟ್ಟಿಯೊಳಗೆ, ಬಲಗಡೆ, ಕಪ್ಪಿನೊಳಗೆ ಇನ್ನೂ ಕಪ್ಪಗೆ ಒಂದು ಗುಂಡು ಹಕ್ಕಳೆ. ತೊಗರಿ ಕಾಳಿನಗಲ. ಬೀಡಿಯ ಬೆಂಕಿ ತಾಗಿಸಿ ತೆಗೆದಂತೆ, ಸುತ್ತ ತೆಳ್ಳಗೆ ಕೆಂಪು ಅಂಚು.

ವೈದ್ಯೆ ಬೆರಳಿನಿಂದ ಅದರ ಸುತ್ತ ಒತ್ತಿದರು. "ನೋವು?" ಇಲ್ಲ. "ತುರಿಕೆ?" ಇಲ್ಲ.

ಅದು ತುರಿಸುವುದಿಲ್ಲ. ನನಗೆ ಅಲ್ಲಿ ನಿಂತಲ್ಲಿಯೇ ಬೆವರು ಬಂತು. ಮೂವತ್ತೊಂದು ಬೊಕ್ಕೆ ತುರಿಸಿಕೊಂಡು ನಾನು ಕಲಿತದ್ದು ಬೇರೆ ಪಾಠ. ಸಾದಾ ಚಿಗ್ಗರ್ ಕಡಿತ ಊರೆಲ್ಲ ಕೇಳುವಂತೆ ಕೂಗುತ್ತದೆ, ರೋಗ ತರುವ ಕಡಿತ ಬಾಯಿ ಬಿಡುವುದಿಲ್ಲ. ಕಡಿದು ಹತ್ತು ಹನ್ನೆರಡು ದಿನಕ್ಕೆ ಜ್ವರ ಬರುವ ಹೊತ್ತಿಗೆ ಕಡಿತದ ನೆನಪೂ ಇರುವುದಿಲ್ಲ. ಜಾಗವೂ ಎಂಥದ್ದು ನೋಡಿ, ತೊಡೆಸಂದು, ಕಂಕುಳು, ಎದೆಯ ಕೆಳಗೆ, ಸೊಂಟ. ಹೆಂಗಸರು ಬಾಯಿಬಿಟ್ಟು ಹೇಳದ, ವೈದ್ಯರು ಕೇಳಲು ಹಿಂಜರಿಯುವ ಜಾಗಗಳೇ ಎಲ್ಲ. ಬೆವರಿನ ತೇವ ಇರುವಲ್ಲಿ ಕಪ್ಪು ಹಕ್ಕಳೆ ಕಟ್ಟದೆ ಬರಿ ಹುಣ್ಣಿನಂತೆಯೂ ಕಾಣಬಹುದು. ಎಲ್ಲ ರೋಗಿಗಳಲ್ಲಿ ಈ ಕಲೆ ಇರುತ್ತದೆ ಎಂದೂ ಇಲ್ಲ, ಕಾಣಲಿಲ್ಲ ಎಂದರೆ ರೋಗವಿಲ್ಲ ಎಂದರ್ಥವಲ್ಲ ಎಂದು ಆ ವೈದ್ಯೆಯೇ ಆಮೇಲೆ ಹೇಳಿದರು.

ರಕ್ತ ಪರೀಕ್ಷೆಗೆ ಕಳಿಸಿದರು, ಆದರೆ ಫಲಿತಾಂಶಕ್ಕೆ ಕಾಯಲಿಲ್ಲ. ಅದೇ ರಾತ್ರಿ ಡಾಕ್ಸಿಸೈಕ್ಲಿನ್ ಶುರುವಾಯಿತು. ದುಬಾರಿ ಔಷಧಿಯಲ್ಲ, ಹಳೆಯದು, ಯಾವ ಅಂಗಡಿಯಲ್ಲಿಯೂ ಸಿಗುವಂಥದ್ದು. ಗರ್ಭಿಣಿಯರಿಗಾದರೆ ಅಜಿತ್ರೊಮೈಸಿನ್ ಕೊಡುತ್ತಾರೆ. ಹಳ್ಳಿಯಲ್ಲಿ ಕೊಟ್ಟ ಇಂಜೆಕ್ಷನ್ನು ಜೋರಿನದೇ, ಆದರೆ ಈ ಬ್ಯಾಕ್ಟೀರಿಯಾ ನಮ್ಮ ಕೋಶಗಳ ಒಳಗೆ ಅಡಗಿ ಬದುಕುತ್ತದೆ, ಆ ಜಾತಿಯ ಔಷಧಿಗೆ ಜಗ್ಗುವುದಿಲ್ಲ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮೆದುಳು ಒಂದಾದಮೇಲೊಂದು ಕೈಕೊಡುತ್ತವೆ. ದೊಡ್ಡವ್ವನಿಗೆ ಎರಡು ದಿನ ಆಮ್ಲಜನಕ ಬೇಕಾಯಿತು. ಮೂರನೆಯ ಬೆಳಿಗ್ಗೆ ಮೈ ಬೆವತು ಜ್ವರ ಬಿಟ್ಟಿತು, ಕಣ್ಣು ಬಿಟ್ಟವಳು ಎಮ್ಮೆಯನ್ನು ಯಾರು ಹಿಂಡುತ್ತಿದ್ದಾರೆ ಎಂದು ಕೇಳಿದಳು. ಒಟ್ಟು ಏಳು ದಿನ ಮಾತ್ರೆ.

ಹಳ್ಳಿಯ ಆ ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮನೆಯವಳೇ ಆದ ನಾನು, ಎಲ್ಲ ಓದಿಕೊಂಡವಳು, ಆ ದಿನಗಳಲ್ಲಿ ಬೇರೆ ಏನು ಮಾಡಿದ್ದೆ? ಜ್ವರ ಬಂದವರ ಹತ್ತಿರ ಈಗ ನಾನು ತಿಂಡಿಯ ಮಾತೇ ಎತ್ತುವುದಿಲ್ಲ. ಎರಡು ವಾರದಲ್ಲಿ ಹೊಲ, ಹುಲ್ಲು, ಕುರುಚಲು ಕಾಡಿನ ಕಡೆ ಹೋಗಿದ್ದಿರಾ ಎನ್ನುತ್ತೇನೆ, ಸ್ನಾನದ ಮನೆಯಲ್ಲಿ ಕನ್ನಡಿ ಹಿಡಿದು ಲಾಡಿಯ ಕೆಳಗೆ ನೋಡಿಕೊಳ್ಳಿ ಎನ್ನುತ್ತೇನೆ. ಐದು ದಿನ ದಾಟಿದ ಜ್ವರವಾದರೆ ನೋಡಿಕೊಳ್ಳುವುದಕ್ಕೂ ಕಾಯಬೇಡಿ, ವೈದ್ಯರ ಹತ್ತಿರ ಹೋಗಿ ಹೊಲದ ಮಾತನ್ನು ನೀವೇ ಮೊದಲು ಹೇಳಿ ಎನ್ನುತ್ತೇನೆ. ಈ ರೋಗಕ್ಕೆ ಲಸಿಕೆ ಇಲ್ಲ.

ತಡೆಗಟ್ಟುವ ಸಲಹೆಗಳನ್ನು ಓದುವಾಗ ನನಗೆ ನಗು ಬರುತ್ತದೆ. ಪೂರ್ತಿ ತೋಳಿನ ಅಂಗಿ, ಕಾಲುಚೀಲದೊಳಗೆ ತುರುಕಿದ ಪ್ಯಾಂಟು, ಬೂಟು. ಸೀರೆಯನ್ನು ಮೀನಖಂಡದವರೆಗೆ ಎತ್ತಿ ಕಟ್ಟಿ, ಬರಿಗಾಲಿನಲ್ಲಿ ಕುರುಪಿ ಹಿಡಿದು ಕೂರುವ ವೈನಿಗೆ ಇದನ್ನು ಹೇಳಲು ಹೋಗಲಿಲ್ಲ. ಆಗುವಂಥದ್ದನ್ನಷ್ಟೇ ಮನೆಯಲ್ಲಿ ರೂಢಿ ಮಾಡಿದ್ದೇವೆ. ಬದುವಿನ ಮೇಲೆ ಬರಿ ನೆಲಕ್ಕೆ ಯಾರೂ ಕೂರುವುದಿಲ್ಲ, ಗೊಬ್ಬರದ ಚೀಲ ಬಿಚ್ಚಿ ಹೊಲಿದ ಹಾಸು ಬುತ್ತಿಯ ಜೊತೆ ಹೋಗುತ್ತದೆ. ಒಗೆದ ಬಟ್ಟೆಯನ್ನು ಪೊದೆ, ಹುಲ್ಲಿನ ಮೇಲೆ ಹರವುವುದು ನಿಂತಿದೆ, ಅಂಗಳದಲ್ಲಿ ಹಗ್ಗ ಕಟ್ಟಿದೆ. ಹೊಲದ ಸೀರೆ ಹೊರಗೇ ಉಳಿಯುತ್ತದೆ, ಸಂಜೆ ಸೋಪಿನ ಸ್ನಾನವಾಗದೆ ಒಲೆಯ ಮುಂದೆ ಬರುವಂತಿಲ್ಲ. ಮನೆಯ ಹಿಂದಿನ ಹುಲ್ಲು ಸವರಿ ಹಿತ್ತಿಲು ಬಯಲಾಗಿದೆ. ಇಲಿಗಳ ವಿಷಯದಲ್ಲಿ ಮಾತ್ರ ಅಣ್ಣ ಇನ್ನೂ ಸೋಲುತ್ತಲೇ ಇದ್ದಾನೆ. ನಾನು ಹೋಗುವಾಗ ಹುಳ ಹತ್ತದಂತೆ ಡೀಟ್ ಇರುವ ಮುಲಾಮು ಹಚ್ಚಿಕೊಂಡು ಹೋಗುತ್ತೇನೆ, ಅದರ ವಾಸನೆಗೆ ಎಮ್ಮೆ ಹತ್ತಿರ ಸೇರಿಸುವುದಿಲ್ಲ.

ದೊಡ್ಡವ್ವನ ಸೊಂಟದ ಹಕ್ಕಳೆ ಉದುರಿ ಈಗ ಅಲ್ಲಿ ಬಿಳಿಚಿದ ಸಣ್ಣ ಗುಂಡು ಗುರುತು ಉಳಿದಿದೆ. ಅಂದು ಗೋಡೆಗೆ ಮುಖ ತಿರುಗಿಸಿದವಳು ಆಸ್ಪತ್ರೆಯಿಂದ ಬಂದಮೇಲೆ ಬೇರೆಯೇ ಆಗಿದ್ದಾಳೆ. ಮೊನ್ನೆ ನಾನು ಹೋದಾಗ ಓಣಿಯ ನಾಲ್ಕು ಹೆಂಗಸರು ಅವಳ ಪಡಸಾಲೆಯಲ್ಲಿ ಹೆಸರು ಹಸನು ಮಾಡುತ್ತ ಕುಳಿತಿದ್ದರು. ಅವರಲ್ಲೊಬ್ಬಳು ಸೊಸೆಗೆ ಮೂರು ದಿನದಿಂದ ಜ್ವರ ಎಂದಳು. ದೊಡ್ಡವ್ವ ಮೊರ ಕೆಳಗಿಟ್ಟು ಎದ್ದು ಬಾಗಿಲು ಮುಚ್ಚಿದಳು, ಹಚ್ಚೆ ತೋರಿಸುವವಳಂತೆ ಲಾಡಿ ಸರಿಸಿ ಗುರುತಿನ ಮೇಲೆ ಬೆರಳಿಟ್ಟಳು. "ಇಂಥದ್ದು ಇದೆಯೇನು ನೋಡು ಹೋಗು. ತಿಂಡಿ ಇದೆಯೇ ಎಂದು ಕೇಳಬೇಡ, ನೋಡು." ನನ್ನ ಕಡೆಗೆ ತಿರುಗಿಯೂ ನೋಡಲಿಲ್ಲ.